ಡಾಂಬರ ಓಣಿಯ ನೀಲಿ ಎತ್ತುಗಳು

ಡಾಂಬರ ಓಣಿಯ ಹೆಂಗಸರು ರೇಷ್ಮೆ ಸೀರೆಯ ಮಡಿಕೆಯಲ್ಲಿ ಡಾಂಬರ ಗುಳಿಗೆ ಇಡುವುದಿಲ್ಲ. ಟ್ರಂಕಿನ ಮುಚ್ಚಳ ಸ್ವಲ್ಪ ತೆರೆದಿಟ್ಟರೆ ಸಾಕು, ಆ ವಾಸನೆ ನೆಲದಿಂದಲೇ ಎದ್ದು ಬಂದು ಸೀರೆಯೊಳಗೆ ಕೂತುಬಿಡುತ್ತದೆ. ಮದುವೆ ಮನೆಗಳಲ್ಲಿ ಕಣ್ಣು ಮುಚ್ಚಿಕೊಂಡೇ ಹೇಳಬಹುದು, ಈಕೆ ಯಾವ ಓಣಿಯವಳೆಂದು.

ರೈಲು ಹಳಿಯ ಕೆಳಗೆ ಹಾಸುವ ಮರದ ದಿಮ್ಮಿಗಳನ್ನು ಗೆದ್ದಲು ಹಿಡಿಯದಂತೆ ಡಾಂಬರೆಣ್ಣೆಯಲ್ಲಿ ನೆನೆಸುವ ಕಾರ್ಖಾನೆಯೊಂದು ಹಿಂದೆ ಅಲ್ಲಿತ್ತು. ಸಿಮೆಂಟಿನ ದಿಮ್ಮಿ ಬಂದ ಮೇಲೆ ಕಾರ್ಖಾನೆ ಬಾಗಿಲು ಹಾಕಿತು. ಎಣ್ಣೆಯ ಹೊಂಡಗಳ ಮೇಲೆ ಮಣ್ಣು ಬಿತ್ತು, ಮಣ್ಣಿನ ಮೇಲೆ ಮನೆಗಳು ಎದ್ದವು. ಎಣ್ಣೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಇಂಗುತ್ತ ಇಂಗುತ್ತ ಓಣಿಯ ಬಾವಿ ಮುಟ್ಟಿತು. ಈಗ ಬಾವಿಯ ಬಾಯಿಗೆ ಕಬ್ಬಿಣದ ಜಾಳಿಗೆ, ಜಾಳಿಗೆಗೆ ಬೀಗ. ನೀರು ಟ್ಯಾಂಕರಿನದು, ಅದು ಬಂದಾಗ ಜಗಳ, ಬಾರದಿದ್ದರೆ ಇನ್ನೂ ದೊಡ್ಡ ಜಗಳ.

ಆ ಎಣ್ಣೆಯನ್ನು ತಿನ್ನುವ ಸೂಕ್ಷ್ಮಾಣುವನ್ನು ತಯಾರಿಸಿದವಳು ಮಂದಾಕಿನಿ ತೊರಗಲ್ಲ ಎಂಬ ವಿಜ್ಞಾನಿ. ಇಂಥ ಪ್ರಯೋಗಗಳ ಮೇಲೆ ಕಣ್ಣಿಡುವ ಜೀವಸುರಕ್ಷಾ ಸಮಿತಿಯ ಕಾಗದಗಳಲ್ಲಿ ಅದಕ್ಕೊಂದು ಉದ್ದ ಹೆಸರಿತ್ತು. ಓಣಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ನೀಲವ್ವ ಎಂದು. ಡಾಂಬರೆಣ್ಣೆಯ ವಿಷವೆಲ್ಲ ಇರುವುದು ಇಂಗಾಲದ ಆರು ಮೂಲೆಯ ಬಳೆಗಳಲ್ಲಿ. ಆ ಬಳೆ ಒಡೆಯುವುದು ಸುಲಭವಲ್ಲ, ಮಣ್ಣಿನ ಬಹುಪಾಲು ಜೀವಿಗಳು ಮೂಸಿ ನೋಡಿ ಮುಂದೆ ಹೋಗುತ್ತವೆ. ನೀಲವ್ವ ಗಾಳಿಯಿಂದ ಆಮ್ಲಜನಕ ತಂದು ಬಳೆಗೆ ಸಿಕ್ಕಿಸಿ, ಅದನ್ನು ಸಡಿಲಿಸಿ, ಕತ್ತರಿಸುತ್ತಾಳೆ. ಅವಳ ಮೈಯ ಆ ಕತ್ತರಿಗೆ ಸಗಣಿಯಲ್ಲಿರುವ ಒಂದು ವಸ್ತು ಸಿಕ್ಕರೆ ಆ ವಸ್ತು ನೀಲಿ ಬಣ್ಣವಾಗುತ್ತದೆ, ಇಳಕಲ್ ಸೀರೆಯ ಒಡಲಿನಂಥ ಕಡುನೀಲಿ. ಡಾಂಬರೆಣ್ಣೆ ಇದ್ದಾಗ ಮಾತ್ರ ಕತ್ತರಿ ಹೊರಬರುವುದರಿಂದ, ನೀಲಿ ಕಂಡಲ್ಲಿ ನೀಲವ್ವ ಬದುಕಿದ್ದಾಳೆ, ಊಟ ಮಾಡುತ್ತಿದ್ದಾಳೆ ಎಂದರ್ಥ. ಮಂದಾಕಿನಿ ಅವಳಿಗೆ ಇನ್ನೊಂದು ಬೀಗವನ್ನೂ ಹಾಕಿದ್ದಳು: ಎಣ್ಣೆ ಸಿಗದಿದ್ದರೆ ನೀಲವ್ವ ಸಾಯಬೇಕು.

ತೊಂದರೆಯೆಂದರೆ, ಎಣ್ಣೆ ಹೇರಳವಾಗಿ ಸಿಗುವ ಕಡೆಯೂ ಅವಳು ಸಾಯುತ್ತಿದ್ದಳು.

"ಮೇಡಂ, ಮತ್ತ ಮಲಗಿದ್ಲು ನೋಡ್ರಿ," ಎಂದ ಮುನೀರ, ಪರದೆಯಿಂದ ಕಣ್ಣು ತೆಗೆಯದೆ. ತಗಡಿನ ಶೆಡ್ಡಿನ ಆ ನಿಯಂತ್ರಣ ಕೋಣೆಯಲ್ಲಿ ಯಂತ್ರಗಳ ಉಸ್ತುವಾರಿಯೆಲ್ಲ ಅವನದೇ. ಪ್ರಯೋಗಕ್ಕೆಂದು ತೋಡಿ ಬೇಲಿ ಹಾಕಿದ್ದ ಹೊಂಡಗಳಲ್ಲಿ ಇಳಿಬಿಟ್ಟ ಸಲಾಕೆಗಳು ಮಣ್ಣಿನ ಉಸಿರಾಟವನ್ನು ಅಳೆದು ಪರದೆಯ ಮೇಲೆ ಒಂದು ಗೆರೆ ಎಳೆಯುತ್ತಿದ್ದವು. ಗೆರೆ ಏರುತ್ತಿತ್ತು, ಎಲ್ಲರೂ ಚಹಾ ತರಿಸುತ್ತಿದ್ದರು, ಚಹಾದ ಸಂಭ್ರಮ ಮುಗಿಯುವುದರೊಳಗೆ ಗೆರೆ ನೆಲಕ್ಕೆ ಬೀಳುತ್ತಿತ್ತು.

"ಹೊಟ್ಟಿ ತುಂಬ ಉಂಡು ಸಾಯೂದು ಅಂದ್ರ ಇದ ನೋಡ್ರಿ," ಎಂದ.

ಮಂದಾಕಿನಿಗೆ ನಗು ಬರಲಿಲ್ಲ. ಸೋಮವಾರ ಬೆಂಗಳೂರಿನಿಂದ ಜೀವಸುರಕ್ಷಾ ಸಮಿತಿಯ ಚಂದ್ರಚೂಡ ಅವರು ಉಗಿ ಗಾಡಿಯ ಜೊತೆಗೇ ಬರುವವರಿದ್ದರು. ಪ್ರಯೋಗ ಸೋತಿತೆಂದು ಹೊಂಡಗಳಿಗೆ ಕುದಿಯುವ ಉಗಿ ಹಾಯಿಸಿ ಎಲ್ಲವನ್ನೂ ಕೊಂದು ಯೋಜನೆ ಮುಚ್ಚುವುದು. ಆಮೇಲೆ ಬಾವಿಗೆ ಸಿಮೆಂಟು ತುಂಬುವುದು. ಓಣಿಯ ಮನೆಗಳನ್ನೆಲ್ಲ ಎಬ್ಬಿಸಿ ಊರಾಚೆ, ಬಸ್ಸೂ ಹೋಗದ ಬಯಲಿಗೆ ಸಾಗಿಸುವುದು. ಮಂದಾಕಿನಿ ಬಾಡಿಗೆಗಿದ್ದ ಮನೆಯೂ ಅದೇ ಓಣಿಯಲ್ಲಿತ್ತು. ಅವಳಿಗೇನೋ ಬೇರೆ ಮನೆ ಸಿಕ್ಕೀತು. ಆದರೆ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಕಟ್ಟೆಗಳ ಮೇಲಿಂದ "ಇವತ್ತರ ನಿಮ್ಮ ನೀಲವ್ವ ಎದ್ಲೇನ್ರೀ ಬಾಯಾರ?" ಎಂದು ಕೇಳುವ ಈ ಹೆಂಗಸರಿಗೆ ಏನು ಹೇಳುವುದು?

ಮಾರನೆಯ ಬೆಳಿಗ್ಗೆ ಎಂದಿನಂತೆ ಎಲ್ಲವೂ ಒಂದೇ ಸಲ ನಡೆಯುತ್ತಿತ್ತು. ಒಲೆಯ ಮೇಲೆ ರೊಟ್ಟಿ, ಕುಕ್ಕರಿನ ಸೀಟಿ, ಮಗಳ ಒಂದೇ ಒಂದು ಬೂಟು. ಗಂಡ ಪ್ರಭಾಕರ ಗೂಡ್ಸ್ ರೈಲಿನ ಗಾರ್ಡು. ಮನೆಯಲ್ಲಿದ್ದರೆ ಮಲಗಿರುತ್ತಿದ್ದ, ಎದ್ದಿದ್ದರೆ ಮನೆಯಲ್ಲಿರುತ್ತಿರಲಿಲ್ಲ.

"ತನು, ಹಲ್ಲು ತಿಕ್ಕಿದೇನು?"

"ಅವ್ವಾ, ಎತ್ತು ಸಾಕ್ಸ್ ಹಾಕ್ಕೊಂಡಾವ!"

"ಹಲ್ಲು ತಿಕ್ಕಿದೇನು ಅಂದೆ."

"ಖರೇನಬೇ! ನೀಲಿ ಸಾಕ್ಸ್!"

ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಕೆಲವೇ ದಿನವಾಗಿತ್ತು. ಮುಂಗಾರಿನ ಆ ಹಬ್ಬಕ್ಕೆ ಮನೆಮನೆಗೂ ಮಣ್ಣಿನ ಒಂದು ಜೋಡಿ ಎತ್ತು ತಂದು, ಸಗಣಿ ಸಾರಿಸಿದ ಮಣೆಯ ಮೇಲಿಟ್ಟು ಪೂಜಿಸಿ, ವಾರದೊಳಗೆ ನೀರಿಗೆ ಬಿಡುವುದು ಓಣಿಯ ರೂಢಿ. ಮಂದಾಕಿನಿ ಲಟ್ಟಣಿಗೆ ಹಿಡಿದೇ ಬಂದು ದೇವರ ಜಗಲಿಯ ಮುಂದೆ ಬಗ್ಗಿದಳು. ಎರಡೂ ಎತ್ತಿನ ಗೊರಸಿನಿಂದ ಮೊಣಕಾಲಿನವರೆಗೆ ಕಡುನೀಲಿ.

"ಸ್ಕೆಚ್ ಪೆನ್ನಿಂದ ನೀನ ಬರದೀಯಲ್ಲ?"

"ದೇವರಾಣಿ ನಾನಲ್ಲ! ನಂದು ನೀಲಿ ಪೆನ್ ಆಗಲೇ ಖಾಲಿ ಆಗೇತಿ, ಹೊಸಾದು ಕೊಡಸಂದ್ರ ಕೊಡಸಲೇ ಇಲ್ಲ ನೀ."

ಮಂದಾಕಿನಿ ಬೆರಳು ಒದ್ದೆ ಮಾಡಿ ತಿಕ್ಕಿ ನೋಡಿದಳು. ಬಣ್ಣ ಮೇಲೆ ಹಚ್ಚಿದ್ದಲ್ಲ, ಮಣ್ಣಿನೊಳಗಿಂದಲೇ ಮೂಡಿದ್ದು. ಆ ನೀಲಿಯನ್ನು ಗಾಜಿನ ತಟ್ಟೆಗಳಲ್ಲಿ ಅವಳು ಎಷ್ಟು ಸಲ ನೋಡಿರಲಿಲ್ಲ! ಆದರೆ ಇಲ್ಲಿ ಹೇಗೆ? ಮನೆಯೊಳಗೆ, ದೇವರ ಮುಂದೆ, ಕುಂಕುಮ ಹಚ್ಚಿದ ಎತ್ತಿನ ಕಾಲಿಗೆ? ಅದೂ ಹೊಂಡದಲ್ಲಿ ಸಾಯುವಷ್ಟು ದಿನ ಕಳೆದ ಮೇಲೂ ಬದುಕಿ, ಬೆಳೆದು, ಮೇಲೇರುತ್ತ?

"ಅವ್ವಾ, ರೊಟ್ಟಿ ಸುಡಾಕತ್ತೇತಿ."

"ಸುಡ್ಲಿ ಬಿಡು!" ಎಂದಳು ಮಂದಾಕಿನಿ, ಮತ್ತು ಮಗಳನ್ನು ಎತ್ತಿಕೊಂಡು ಗಿರ್ರನೆ ತಿರುಗಿಸಿದಳು. ರೊಟ್ಟಿ ಸುಟ್ಟರೆ ಅವ್ವ ಕುಣಿದದ್ದನ್ನು ತನು ಆವರೆಗೆ ಕಂಡಿರಲಿಲ್ಲ.

ಓಣಿಗೆಲ್ಲ ಎತ್ತು ಮಾಡಿಕೊಡುವವಳು ಕುಂಬಾರ ಫಕ್ಕೀರವ್ವ. ಮಂದಾಕಿನಿ ಹೋದಾಗ ಅವಳು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಫಕ್ಕೀರವ್ವಾ, ಈ ಸಲ ಎತ್ತಿನ ಮಣ್ಣು ಎಲ್ಲೀದು?"

"ಕೆರೀದು ಮತ್ತ. ಬೆಂಗಳೂರಿಂದ ತರಸ್ತಾರೇನ್ರಿ?"

"ಬರೇ ಕೆರೀದ?"

ಫಕ್ಕೀರವ್ವ ಎಲೆ ಮಡಚಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಜಗಿದಳು. "ಕೆರ್ಯಾಗ ಈ ವರ್ಷ ಚಲೋ ಮಣ್ಣು ಎಲ್ಲೈತ್ರಿ? ಅರ್ಧ ಅದು."

"ಇನ್ನರ್ಧ?"

"ನಿಮ್ಮ ಬೇಲಿ ಬಾಜೂಕ ಒಂದು ಗುಡ್ಡಿ ಹಾಕಿದ್ರೆಲ್ಲ. ಯಪ್ಪಾ, ಬೆಣ್ಣಿ ಬೆಣ್ಣಿ ಇತ್ರಿ! ಒಂದು ಕಲ್ಲಿಲ್ಲ, ಒಂದು ಬೇರಿಲ್ಲ. ಅಂಥಾ ಮಣ್ಣು ಬಿಸಾಕಿದ್ರ ಪಾಪ ಬರ್ತೈತಿ ಬಾಯಾರ."

"ಬಿಸಾಕಿದ್ದಲ್ಲಬೇ ಅದು! ಹೊಂಡದಾಗಿಂದ ತಗದು ಉಗಿ ಕೊಡಾಕ ಇಟ್ಟಿದ್ದು."

"ಉಗಿ ಕೊಡಾಕ? ಮಣ್ಣೇನು ಇಡ್ಲಿ ಐತೇನ್ರಿ?"

"ಕಾವಲುಗಾರ ಏನೂ ಅನ್ನಲಿಲ್ಲೇನು?"

"ಅಂದಾ. 'ನಮ್ಮನಿಗೂ ಒಂದು ಜೋಡಿ ಕೊಡು' ಅಂದಾ."

ಬೈಯಬೇಕೆಂದು ಬಂದಿದ್ದ ಮಂದಾಕಿನಿ ಕಟ್ಟೆಯ ಮೇಲೆ ಕುಸಿದು ಕೂತು ನಗತೊಡಗಿದಳು. ಫಕ್ಕೀರವ್ವ ಅನುಮಾನದಿಂದ ನೋಡಿ, "ಚಹಾ ಕುಡದೀರಿಲ್ಲೋ ಮುಂಜಾನೆ?" ಎಂದು ವಿಚಾರಿಸಿದಳು.

ಶೆಡ್ಡಿಗೆ ಬಂದವಳೇ ಎತ್ತಿನ ಕಾಲಿನಿಂದ ಚೂರು ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ದುಂಡು ಕಡ್ಡಿಗಳಂಥ ನೀಲವ್ವಗಳು ಗುಂಪುಗುಂಪಾಗಿ ಓಡಾಡುತ್ತಿದ್ದವು. ಅವುಗಳ ಸುತ್ತ ಇನ್ನೂ ಸಣ್ಣ, ಡೊಂಕು ಮೈಯ ಬೇರೆ ಯಾವುವೋ.

"ಇವ್ರ್ಯಾರು?" ಎಂದ ಮುನೀರ, ಇಣುಕಿ ನೋಡಿ.

"ಕೆರಿ ಕಡೆ ನೆಂಟರು."

ಹೇಳುತ್ತಿದ್ದಂತೆಯೇ ಅವಳ ತಲೆಯಲ್ಲಿ ಎಲ್ಲ ಕೂಡಿಕೊಂಡಿತು. ಬಳೆ ಕತ್ತರಿಸಿದ ಮೇಲೆ ಉಳಿಯುವ ತುಂಡುಗಳಿವೆಯಲ್ಲ, ಅವೂ ವಿಷವೇ. ನೀಲವ್ವ ಅವಸರದಲ್ಲಿ ಉಂಡು, ಆ ಎಂಜಲು ಸುತ್ತ ಬಿಸಾಡಿ, ಕೊನೆಗೆ ಅದರಲ್ಲೇ ಮುಳುಗಿ ಸಾಯುತ್ತಿದ್ದಳು. ಪ್ರಯೋಗದ ಮಣ್ಣಿನಲ್ಲಿ ಬೇರೆ ಯಾವ ಜೀವಿಯೂ ಇರಬಾರದೆಂದು ಸಮಿತಿಯ ನಿಯಮ. ಹಾಗಾಗಿ ಹೊಂಡವನ್ನು ಮೊದಲೇ ಉಗಿಯಲ್ಲಿ ಬೇಯಿಸಿ ಆಮೇಲೆ ಅವಳನ್ನು ಬಿಡುತ್ತಿದ್ದರು. ಒಂಟಿ ಹೆಣ್ಣು, ಖಾಲಿ ಮನೆ.

"ಅಡಿಗಿ ಮಾಡಿ ಉಣ್ಣಾಕ ಬರ್ತದ ಆಕಿಗೆ," ಎಂದಳು ಮಂದಾಕಿನಿ. "ಮುಸುರಿ ತಿಕ್ಕಾಕ ಬರೂದಿಲ್ಲ. ಇವು ತಿಕ್ಕತಾವ ಮುನೀರ! ಫಕ್ಕೀರವ್ವ ಕೆರಿ ಮಣ್ಣು ಬೆರಸಿ ನಾದಿದಳಲ್ಲ, ಮನೀಗೆ ಮಂದಿ ಬಂದಂಗಾತು."

"ಅಂದ್ರ ನೆಲದಾಗಿಂದ ಮೇಲೆ ಬರೂ ವಾಸನಿ…"

"ಊಟ. ಸಾರಿಸಿದ ಸಗಣಿ ಬಣ್ಣ. ಅದಕ್ಕ ಕಾಲಿಂದ ಏರೇತಿ."

ಮುನೀರನ ಮುಖ ಮೊದಲು ಇಳಿಯಿತು.

"ಮೇಡಂ, ಆದ್ರ ಇದು ಬೇಲಿ ದಾಟೇತಿ. ದಾಟಿದ್ರ ಅವತ್ತ ಲೈಸೆನ್ಸ್ ರದ್ದು. ಹಿಂಗ ಮಾಡೂಣ. ಓಣ್ಯಾಗಿನ ಎತ್ತೆಲ್ಲಾ ಒಟ್ಟು ಮಾಡಿ ಸುಟ್ಟು ಬಿಡೂಣ. ಕೆರಿ ಮಣ್ಣು ಬೆರಸೂ ಐಡಿಯಾ ನಮಗ ಹೊಳೀತು ಅಂತ ಹೇಳೂಣ. ಯಾರಿಗೆ ತಿಳೀತೈತಿ?"

ಮಂದಾಕಿನಿಗೂ ಆಸೆಯಾಯಿತು. ಆದರೆ ಹೊಸ ಐಡಿಯಾಕ್ಕೆ ಹೊಸ ಪರವಾನಗಿ ಬೇಕು, ಪರವಾನಗಿ ಬರುವಷ್ಟರಲ್ಲಿ ಬಾವಿ ಸಿಮೆಂಟಾಗಿ ಓಣಿ ಬಯಲಿಗೆ ಹೋಗಿರುತ್ತದೆ. ನೀಲವ್ವ ಬದುಕಬಲ್ಲಳು ಎಂಬುದಕ್ಕೆ ಸಾಕ್ಷಿ ಇರುವುದೇ ಓಣಿಯ ಜಗಲಿಗಳ ಮೇಲೆ. ಅವಳು ಫೋನು ಎತ್ತಿಕೊಂಡಳು.

"ಸರ್, ಒಂದು ವಿಷಯ ಹೇಳಬೇಕಿತ್ತು. ಬ್ಯಾಕ್ಟೀರಿಯಾ ಹೊರಗೆ ಹೋಗಿದೆ."

"ಹೊರಗೆ ಅಂದ್ರೆ ಎಲ್ಲಿಗ್ರೀ?" ಎಂದರು ಚಂದ್ರಚೂಡ.

"ಎಲ್ಲರ ಮನೆ ದೇವರ ಜಗಲಿಗೆ."

"ಯಾವುದನ್ನೂ ಮುಟ್ಟಬೇಡಿ, ನಾನೇ ಹೊರಟು ಬರ್ತೀನಿ," ಎಂದರು ಅವರು.

ಸೋಮವಾರ ಬರಬೇಕಾದವರು ಮರುದಿನವೇ ಬಂದರು. ಹಿಂದೆಯೇ ಉಗಿ ಗಾಡಿ, ಆನೆಯಂಥದ್ದು, ಓಣಿಯ ತಿರುವಿನಲ್ಲಿ ಸಿಕ್ಕಿಕೊಂಡು ಹಿಂದೆ ಮುಂದೆ ಆಡತೊಡಗಿತು. ಚಂದ್ರಚೂಡ ತೆಳ್ಳಗಿನ ಮನುಷ್ಯ, ಕೂಗಾಡುವವರಲ್ಲ. ಅದಕ್ಕೇ ಮಂದಾಕಿನಿಗೆ ಹೆಚ್ಚು ಹೆದರಿಕೆಯಾಯಿತು.

"ತಪ್ಪಿಸ್ಕೊಂಡಿದ್ದು ಕುರಿಮರಿ ಅಲ್ಲ ನೋಡಿ, ಕಿವಿ ಹಿಡ್ಕೊಂಡು ವಾಪಸ್ ಕರ್ಕೊಂಡು ಬರೋಕೆ," ಎಂದರು. "ಇವತ್ತು ಜಗಲಿ. ನಾಳೆ ರಸ್ತೆ ಡಾಂಬರನ್ನೇ ತಿಂದುಬಿಟ್ರೆ?"

"ರಸ್ತೆ ಡಾಂಬರು ಅವಳ ಬಾಯಿಗೆ ಬಹಳ ದೊಡ್ಡದು ಸರ್. ನೀರಲ್ಲಿ, ಗಾಳಿಯಲ್ಲಿ ಬೆರೆಯೋ ಸಣ್ಣ ತುಂಡುಗಳನ್ನ ಮಾತ್ರ ತಿಂತಾಳೆ. ಅದು ಸಿಗದಿದ್ರೆ ಸಾಯ್ತಾಳೆ."

"ಅದು ನಿಮ್ಮ ಗಾಜಿನ ತಟ್ಟೆಯಲ್ಲಿ. ಹೊರಗೆ ಸಾಯ್ತಾಳೆ ಅಂತ ಯಾರು ನೋಡಿದಾರೆ?"

ಬೇಲಿಯ ಹೊರಗೆ ಯಾವ ಪ್ರಯೋಗವನ್ನೂ ಅವಳು ಮಾಡುವಂತಿರಲಿಲ್ಲವಲ್ಲ. ಉಗಿ ಗಾಡಿಯನ್ನು ನೋಡಲು ನೆರೆದವರ ನಡುವೆ ಫಕ್ಕೀರವ್ವ ನಿಂತಿದ್ದಳು. ಮಂದಾಕಿನಿ ತಟ್ಟನೆ ಕೇಳಿದಳು: "ಈ ಮಣ್ಣಿನ ಎತ್ತು ಓಣಿ ಬಿಟ್ಟು ಬ್ಯಾರೆ ಕಡೆ ಯಾರಿಗರ ಕೊಟ್ಟೀಯೇನು?"

"ಹಳಿ ಆಚೀಕ ನನ್ನ ಮಗಳಿಗೆ ಕೊಟ್ಟೇನ್ರಿ. ಆಕಿಗೆ ಕೊಡದ ಇರ್ತೀನೇನು?"

ಓಣಿಯ ಪಕ್ಕದ ರೈಲು ಹಳಿಯ ಆಚೆಯ ನೆಲಕ್ಕೆ ಎಣ್ಣೆ ಮುಟ್ಟಿರಲಿಲ್ಲ. ಎಲ್ಲರೂ ಹೊರಟರು. ಮುಂದೆ ಫಕ್ಕೀರವ್ವ, ಹಿಂದೆ ಚಂದ್ರಚೂಡ, ಸೂಕ್ಷ್ಮದರ್ಶಕದ ಪೆಟ್ಟಿಗೆ ಹೊತ್ತ ಮುನೀರ, ಅವರ ಹಿಂದೆ ಅರ್ಧ ಓಣಿ. ಎತ್ತು ನೀಲಿಯಾಗದೆ ಮಣ್ಣಿನ ಕಪ್ಪಲ್ಲೇ ಉಳಿದಿದ್ದರೆ ಗೆದ್ದೆವು ಎಂದುಕೊಳ್ಳುತ್ತ ಮಂದಾಕಿನಿ ಹಳಿ ದಾಟಿದಳು.

ಮಗಳು ಯಲ್ಲವ್ವ ಇಷ್ಟು ಮಂದಿಯನ್ನು ಕಂಡು ಗಾಬರಿಯಾಗಿ, "ಯಾರರ ಸತ್ರೇನಬೇ?" ಎಂದಳು.

"ಅದನ್ನ ನೋಡಾಕ ಬಂದೇವಿ," ಎಂದ ಮುನೀರ.

ಜಗಲಿಯ ಮೇಲೆ ಎರಡು ಎತ್ತು. ಒಂದು ಪೂರ್ತಿ ಕಪ್ಪು. ಇನ್ನೊಂದರ ಬಲಗಡೆಯ ಹಿಂಗಾಲು, ಒಂದೇ ಒಂದು ಗೊರಸು, ನೀಲಿ.

ಚಂದ್ರಚೂಡ ಕನ್ನಡಕ ತೆಗೆದು ಒರೆಸಿಕೊಂಡರು. "ಸಾರಿ ಮಂದಾಕಿನಿಯವರೇ," ಎಂದರು. ನಿಜವಾಗಿಯೂ ಬೇಸರದಿಂದಲೇ ಎಂದರು. ಹೊರಗೆ ಯಾರೋ ಉಗಿ ಗಾಡಿಯವನಿಗೆ ಫೋನು ಹಚ್ಚತೊಡಗಿದರು.

ಒಂದೇ ಗೊರಸು ಯಾಕೆ? ಮಂದಾಕಿನಿ ಮಂಡಿಯೂರಿ ಮಣೆಯನ್ನು ನೋಡಿದಳು, ಮೂಸಿದಳು. ಇಪ್ಪತ್ತನಾಲ್ಕು ತಾಸೂ ಆ ವಾಸನೆಯಲ್ಲೇ ಬದುಕುವವಳಿಗೆ ಅದು ಬೇರೆಯಾಗಿ ತಿಳಿಯುವುದು ಕಷ್ಟ. "ಸರ್, ನೀವು ಬರ್ರಿ, ನೀವು ಮೂಸಿ ನೋಡಿ!"

"ನಾನಾ?"

"ನಿಮ್ಮ ಮೂಗು ಇನ್ನೂ ಚಲೋ ಐತಿ ಸರ್, ದಯವಿಟ್ಟು!"

ಚಂದ್ರಚೂಡ ಪ್ಯಾಂಟು ಮೇಲಕ್ಕೆಳೆದುಕೊಂಡು ಜಗಲಿಯ ಮುಂದೆ ಬಗ್ಗಿದರು. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅವರು ಮೂಸಿದರು, ಹುಬ್ಬು ಗಂಟಿಕ್ಕಿದರು, ಮಣೆಯನ್ನು ಮೆಲ್ಲಗೆ ಎತ್ತಿದರು. ನೀಲಿ ಗೊರಸಿನ ನೇರ ಕೆಳಗೆ, ಮಣೆಯ ಅಡಿಯಲ್ಲಿ, ಅರ್ಧ ಕರಗಿದ ಒಂದು ಬಿಳಿ ಗುಳಿಗೆ.

"ಡಾಂಬರ ಗುಳಿಗಿ," ಎಂದಳು ಯಲ್ಲವ್ವ, ಜಿರಳೆ ಓಡಿಸಲು ಇಟ್ಟಿದ್ದಕ್ಕೆ ಅಪರಾಧಿಯಂತೆ. "ಜೊಂಡಿಗ್ಯಾ ಬಾಳ ಆಗಿದ್ವು. ದೇವರ ನೈವೇದ್ಯಕ್ಕ ಬಾಯಿ ಹಾಕ್ತಿದ್ವು."

ಡಾಂಬರೆಣ್ಣೆಯಿಂದಲೇ ತೆಗೆದ ಒಂದು ಗುಳಿಗೆ, ಅದರ ಮೇಲೆ ಒಂದು ಗೊರಸು. ಮಂದಾಕಿನಿ ತಾನೇ ಕೂತು ಯೋಚಿಸಿದ್ದರೂ ಇಷ್ಟು ಅಚ್ಚುಕಟ್ಟಾದ ಪ್ರಯೋಗ ಹೊಳೆಯುತ್ತಿರಲಿಲ್ಲ. ಮುನೀರ ಅಲ್ಲೇ ಪೆಟ್ಟಿಗೆ ಬಿಚ್ಚಿದ. ಕಪ್ಪು ಎತ್ತಿನ ಮಣ್ಣಿನಲ್ಲಿ ಕೆರೆಯ ಡೊಂಕು ಜೀವಿಗಳು ಆರಾಮವಾಗಿದ್ದವು. ನೀಲವ್ವನ ಖಾಲಿ ಸಿಪ್ಪೆಗಳು ಮಾತ್ರ ಬಿದ್ದಿದ್ದವು. ನೀಲಿ ಗೊರಸಿನಲ್ಲಿ ಅವಳು ಓಡಾಡುತ್ತಿದ್ದಳು, ಗೊರಸಿನ ಮೇಲಿನ ಕಾಲಿನಲ್ಲಿ ಇರಲಿಲ್ಲ.

ಚಂದ್ರಚೂಡ ಬಹಳ ಹೊತ್ತು ಕಣ್ಣಿಟ್ಟು ನೋಡಿದರು. ಗುಳಿಗೆಯನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡು, "ಇವತ್ತು ಇಲ್ಲೇ ಉಳ್ಕೋತೀನಿ," ಎಂದರು. "ಊಟ ಕಿತ್ಕೊಂಡಿದೀನಿ. ನಾಳೆ ಬಂದು ನೋಡೋಣ."

ಮರುದಿನ ಬಂದು ನೋಡಿದಾಗ ಗೊರಸು ನೀಲಿಯೇ ಇತ್ತು, ಬಣ್ಣ ಎಲ್ಲಿ ಹೋಗುತ್ತದೆ? ಆದರೆ ಒಳಗೆ ಚಲಿಸುವ ಕಡ್ಡಿ ಒಂದೂ ಇರಲಿಲ್ಲ. ಚಂದ್ರಚೂಡ ತಲೆಯೆತ್ತಿ, "ಉಪವಾಸ ತಡ್ಕೊಳ್ಳೋ ಜಾತಿ ಅಲ್ಲ ಇದು," ಎಂದರು. ಮುನೀರ ಅವರನ್ನು ತಬ್ಬಿಕೊಳ್ಳಲು ಹೋಗಿ, ಯಾರೆಂದು ನೆನಪಾಗಿ, ಪಕ್ಕದಲ್ಲಿದ್ದ ಕಾವಲುಗಾರನನ್ನು ತಬ್ಬಿಕೊಂಡ.

ಸಮಿತಿಯ ಜೊತೆ ಅವರು ಓಣಿಯ ತುದಿಯಲ್ಲಿ ನಿಂತು ಫೋನಿನಲ್ಲಿ ಮಾತಾಡಿದ್ದೇ ಮಾತಾಡಿದ್ದು. ಓಣಿ ಅಷ್ಟು ದೂರದಲ್ಲಿ ನಿಂತು ಅವರ ಬೆನ್ನನ್ನು ನೋಡುತ್ತಿತ್ತು. ತಿರುಗಿ ಬಂದವರು ಮೊದಲು ಉಗಿ ಗಾಡಿಯ ಚಾಲಕನಿಗೆ ಹೇಳಿದರು: "ವಾಪಸ್ ತಗೊಂಡು ಹೋಗಪ್ಪ." ಆಮೇಲೆ ಮಂದಾಕಿನಿಗೆ: "ಬಾವಿ ಒಂದಕ್ಕೆ ಒಪ್ಪಿದಾರೆ. ಕೆರೆ ಮಣ್ಣು ಬೆರೆಸಿಯೇ. ನಾನು ನೋಡ್ತಾ ಇರ್ತೀನಿ. ಹಳಿ ಆಚೆ ಒಂದು ನೀಲಿ ಚುಕ್ಕೆ ಕಂಡ್ರೂ ಗಾಡಿ ಮತ್ತೆ ಬರುತ್ತೆ. ನಾಲ್ಕೈದು ಎತ್ತು ಬಾವಿಗೆ ಬಿಟ್ರೆ ಸಾಕಲ್ವಾ, ಶುರು ಮಾಡೋಕೆ?"

ಅಲ್ಲಿ ಅವರು ತಪ್ಪಿದರು.

"ನಾಲ್ಕೈದಂದ್ರ? ಯಾರ ಮನೀವ್ರಿ ಸಾಹೇಬ್ರ?"

"ಅವರ ಮನೀ ಎತ್ತು ನಮ್ಮ ಬಾವಿಗೆ ಬೀಳ್ತಾವ, ನಮ್ಮನೀವು ಏನು ಪಾಪ ಮಾಡ್ಯಾವ?"

"ನಮ್ಮವು ಎಷ್ಟು ನೀಲಿ ಆಗ್ಯಾವ ನೋಡ್ರಿ, ಕೋಡತನಕ! ಈಕಿ ಮನೀವು ಬರೇ ಗೊರಸು."

"ನಿಮ್ಮನ್ಯಾಗ ವಿಷ ಜಾಸ್ತಿ ಐತಿ ಅಂತ ಅದರ ಅರ್ಥ, ಮೆರದಾಡಬ್ಯಾಡ!"

ಬಾವಿಯ ಬೀಗಕ್ಕೆ ತುಕ್ಕು ಹಿಡಿದು ಕೀಲಿ ತಿರುಗಲಿಲ್ಲ. ಮುನೀರ ಕಲ್ಲು ತಂದು ಒಡೆದ. ಜಾಳಿಗೆ ಸರಿದಾಗ ಎದ್ದ ವಾಸನೆಗೆ ಚಂದ್ರಚೂಡ ಎರಡು ಹೆಜ್ಜೆ ಹಿಂದೆ ಸರಿದರು, ಹೆಂಗಸರು ಮುಂದೆ ನುಗ್ಗಿದರು. ಊರಾಚೆಯ ಕೆರೆಗೆ ನಡೆದು ಹೋಗಿ ಎತ್ತು ಬಿಟ್ಟು ಬರುತ್ತಿದ್ದವರು ಎಷ್ಟೋ ವರ್ಷಗಳ ಮೇಲೆ ತಮ್ಮ ಬಾವಿಯ ಕಟ್ಟೆ ಏರಿದ್ದರು. ಬುಳುಕ್ ಬುಳುಕ್ ಎಂದು ಎತ್ತುಗಳು ಬೀಳತೊಡಗಿದವು. ತನು ತಮ್ಮ ಮನೆಯ ಜೋಡಿಯನ್ನು ಬಿಡಲೊಲ್ಲೆ ಎಂದು ಅಪ್ಪಿಕೊಂಡು ನಿಂತು, ಕೊನೆಗೆ ಒಂದೊಂದಕ್ಕೂ ಮುತ್ತು ಕೊಡಲು ಹೋದಾಗ ಮಂದಾಕಿನಿ ಅವಳ ಬಾಯಿ ಹಿಡಿದಳು.

ಆ ಮಳೆಗಾಲವೆಲ್ಲ ಪರದೆಯ ಮೇಲಿನ ಬಾವಿಯ ಗೆರೆ ಏರಿಯೇ ಇತ್ತು. ಓಣಿಯವರು ಚಹಾ ಕುಡಿಯುವ ನೆಪದಲ್ಲಿ ಶೆಡ್ಡಿಗೆ ಬಂದು, ಕ್ರಿಕೆಟ್ಟಿನ ಸ್ಕೋರು ಕೇಳಿದಂತೆ, "ಎಷ್ಟಾತ್ರಿ?" ಎಂದು ಕೇಳಿ ಹೋಗುತ್ತಿದ್ದರು. ಚಂದ್ರಚೂಡ ಬಂದಾಗಲೆಲ್ಲ ಹಳಿಯ ಆಚೆ ಮನೆಮನೆಯ ಮಣೆ ಎತ್ತಿ ನೋಡುತ್ತಿದ್ದರು. ಅಲ್ಲಿಯ ಮಕ್ಕಳು ಅವರಿಗೆ ಜೊಂಡಿಗ್ಯಾ ಸಾಹೇಬ್ರು ಎಂದು ಹೆಸರಿಟ್ಟಿದ್ದರು. ಚಳಿ ಶುರುವಾಗುವ ಹೊತ್ತಿಗೆ ಗೆರೆ ಮೆಲ್ಲಗೆ ಇಳಿಯಿತು, ಇಳಿದು ನೆಲ ಮುಟ್ಟಿತು. ಈ ಸಲ ಯಾರೂ ಗಾಬರಿಯಾಗಲಿಲ್ಲ, ತಿನ್ನಲು ಎಣ್ಣೆ ಉಳಿದಿರಲಿಲ್ಲ ಅಷ್ಟೇ. ಬಾವಿಯ ನೀರನ್ನು ಮೂರು ಊರುಗಳ ಪ್ರಯೋಗಾಲಯಗಳಿಗೆ ಕಳಿಸಿದರು. ಮೂರೂ ಕಡೆಯಿಂದ ಒಂದೇ ಉತ್ತರ ಬಂತು.

"ಕುಡೀಬಹುದು," ಎಂದಳು ಮಂದಾಕಿನಿ, ಬಾವಿಯ ಕಟ್ಟೆಯ ಮೇಲೆ ನಿಂತು.

ಯಾರೂ ಮುಂದೆ ಬರಲಿಲ್ಲ. ಹಗ್ಗ, ಕೊಡ, ಹೊಸ ಗಾಲಿ ಎಲ್ಲ ಸಿದ್ಧವಾಗಿದ್ದವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೊದಲ ನೀವ ಕುಡೀರಿ ಬಾಯಾರ," ಎಂದಳು ಫಕ್ಕೀರವ್ವ.

ಮಂದಾಕಿನಿ ನೀರು ಸೇದಿದಳು. ಗಾಜಿನ ವಾಟಗದಲ್ಲಿ ತುಂಬಿ ಎತ್ತಿ ಹಿಡಿದಾಗ ಬೆಳಕು ಆರಪಾರ ಹಾಯಿತು. ಎಲ್ಲ ಲೆಕ್ಕಗಳೂ ಸರಿಯಿದ್ದವು. ಆದರೂ ಕಣ್ಣು ಮುಚ್ಚಿ ಕುಡಿದಳು, ಪೂರ್ತಿ.

"ಹೆಂಗೈತ್ರಿ?"

ಅವಳು ನಾಲಿಗೆಯಿಂದ ತುಟಿ ಸವರಿಕೊಂಡಳು. ಹುಡುಕಿದಳು. "ಏನೂ ಇಲ್ಲ," ಎಂದಳು. "ಏನಂದ್ರ ಏನೂ ಇಲ್ಲ!"

ಫಕ್ಕೀರವ್ವ ಅವಳ ಕೈಯಿಂದ ವಾಟಗ ಕಿತ್ತುಕೊಂಡು, ತಾನೇ ತುಂಬಿಕೊಂಡು, ಮೂಗಿನ ಹತ್ತಿರ ಬಹಳ ಹೊತ್ತು ಹಿಡಿದಳು. ಒಂದು ಗುಟುಕು ಕುಡಿದು ಬಾಯಲ್ಲಿ ಆಡಿಸಿದಳು. ಅವಳ ಮುಖ ಸಿಂಡರಿಸಿತು.

"ಇದೇನು ನೀರಬೇ ಯವ್ವಾ, ಸಪ್ಪನ್ನ ಸಪ್ಪ!" ಎಂದಳು. ಉಳಿದದ್ದನ್ನು ಗಟಗಟನೆ ಕುಡಿದು, ಖಾಲಿ ವಾಟಗವನ್ನು ಮಂದಾಕಿನಿಯ ಮುಂದೆ ಹಿಡಿದಳು. "ಇನ್ನೊಂದು ಹಾಕ್ರಿ."